ಹೆಸರು ಹೊಲಿದ ಕೌದಿ

ನವೆಂಬರ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಉದ್ದನೆಯ ಪಟ್ಟಿಯೊಂದು ಸಿದ್ಧವಾಗುತ್ತದೆ. ಮೃತ ವಿಶ್ವಾಸಿಗಳ ಸ್ಮರಣೆಯ ಆ ದಿನಗಳಲ್ಲಿ ಗುರುಗಳು ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ. ಓದು ಎಷ್ಟೇ ಉದ್ದವಾದರೂ ಯಾರೂ ಬೇಸರಪಡುವುದಿಲ್ಲ. ತಮ್ಮ ಮನೆಯವರ ಹೆಸರು ಬಂದಾಗ ಕುಳಿತಲ್ಲೇ ತಲೆ ಸ್ವಲ್ಪ ಬಾಗುತ್ತದೆ, ಅಷ್ಟೇ. ನಾನು ಒಂದು ಧರ್ಮಕೇಂದ್ರದಲ್ಲಿ ಬ್ರದರ್ ಆಗಿದ್ದಾಗ ಆ ಪಟ್ಟಿ ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು. ಒಂದು ಸಂಜೆ ಒಬ್ಬ ತಾಯಿ ಬಂದು ಅತ್ತೆ, ಮಾವ, ಗಂಡ ಮೂವರ ಹೆಸರನ್ನೂ ಹೇಳಿ ಬರೆಸಿದರು. ನಾಲ್ಕನೆಯದಕ್ಕೆ ಸ್ವಲ್ಪ ತಡೆದು, "ಇನ್ನೊಂದು ಆತ್ಮ ಅಂತ ಬರೀರಿ, ಸಾಕು" ಎಂದರು. ಹೆಸರು ಕೇಳಿದೆ. "ದೇವರಿಗೆ ಗೊತ್ತು ಬಿಡಿ ಬ್ರದರ್" ಎಂದು ಕಾಣಿಕೆಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಆಕೆಯ ಕಿರಿಯ ಮಗ ಯಾವ ಕಾಯಿಲೆಯಿಂದ ತೀರಿಕೊಂಡನೆಂಬುದು ಬೀದಿಗೆಲ್ಲ ಗೊತ್ತಿತ್ತು. ಬಾಯಿ ಬಿಟ್ಟು ಹೇಳುವವರು ಮಾತ್ರ ಯಾರೂ ಇರಲಿಲ್ಲ.

ಅದೇ ಕಾಯಿಲೆಯಿಂದ ಸತ್ತವರ ಹೆಸರುಗಳನ್ನು ಬಟ್ಟೆಯ ಮೇಲೆ ಹೊಲಿದು, ಬಯಲಲ್ಲಿ ಹಾಸಿ, ಲಕ್ಷಗಟ್ಟಲೆ ಜನರಿಗೆ ತೋರಿಸಿ, ಬದುಕಿರುವ ರೋಗಿಗಳ ಆರೈಕೆಗೆ ಹಣ ಕೂಡಿಸಿದ ಒಂದು ಪ್ರದರ್ಶನವಿದೆ. ಅದು ನಡೆದದ್ದು ಅಮೆರಿಕದಲ್ಲಿ. ಏಡ್ಸ್ ಸ್ಮಾರಕ ಕೌದಿ ಎಂದು ಅದನ್ನು ಕರೆಯಬಹುದು. ಆ ತಾಯಿ ನೆನಪಾದಾಗಲೆಲ್ಲ ನನಗೆ ಆ ಕೌದಿಯೂ ನೆನಪಾಗುತ್ತದೆ. ಪ್ರಿಯ ಓದುಗರೇ, ಈ ಸಲ ಅದರ ಕಥೆಯನ್ನು ನಿಮಗೆ ವಿವರವಾಗಿ ಹೇಳಬೇಕೆಂದಿದ್ದೇನೆ.

ಮೊದಲು ಕೌದಿಯ ವಿಚಾರ. ಧಾರವಾಡ, ವಿಜಯಪುರ, ಕಲಬುರಗಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳೆಯ ಸೀರೆ, ಧೋತರ, ಮಕ್ಕಳಿಗೆ ಚಿಕ್ಕದಾದ ಅಂಗಿ ಯಾವುದನ್ನೂ ಎಸೆಯದೆ, ಚೂರು ಚೂರಾಗಿ ಜೋಡಿಸಿ, ಪದರದ ಮೇಲೆ ಪದರ ಹಾಸಿ, ಸೂಜಿ ದಾರದಿಂದ ಸಾಲುಸಾಲಾಗಿ ಹೊಲಿದ ಹೊದಿಕೆ ಅದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಇದರಲ್ಲಿ ಎತ್ತಿದ ಕೈ. ಅವರು ಒಂದು ಮೂಲೆಯಿಂದ ಆರಂಭಿಸಿ ಅಂಚು ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಸೇರುತ್ತಾರೆ. ಮೂಲೆಗಳಲ್ಲಿ ಬಟ್ಟೆಯನ್ನು ಮುಕ್ಕೋನವಾಗಿ ಮಡಿಚಿ 'ಫೂಲ', ಅಂದರೆ ಹೂವು, ಇಡದಿದ್ದರೆ ಅವರ ಪಾಲಿಗೆ ಕೌದಿ ಮುಗಿದ ಹಾಗಲ್ಲ. ಅವರಲ್ಲಿ ಕಥೋಲಿಕ ಮನೆಯವರು ಕೌದಿಯಲ್ಲಿ ಶಿಲುಬೆಯನ್ನೂ ಕೂರಿಸುವುದುಂಟು. ಕೌದಿಯ ವಿಶೇಷವೆಂದರೆ ಅದರೊಳಗೆ ಯಾರ್ಯಾರು ಇದ್ದಾರೆಂಬುದು ಹೊಲಿದವರಿಗೆ ಗೊತ್ತಿರುತ್ತದೆ. ಇದು ಅಜ್ಜಿಯ ಸೀರೆ, ಇದು ತೀರಿಕೊಂಡ ಚಿಕ್ಕಪ್ಪನ ಶರ್ಟು ಎಂದು ಬೆರಳಿಟ್ಟು ತೋರಿಸುತ್ತಾರೆ.

ಅಮೆರಿಕದ ಹಳ್ಳಿಮನೆಗಳಲ್ಲೂ ಇದೇ ಬಗೆಯ ಹೊದಿಕೆ ಇದೆ. ಅಲ್ಲಿ ಅದಕ್ಕೆ ಕ್ವಿಲ್ಟ್ ಎನ್ನುತ್ತಾರೆ. ಚೂರುಗಳನ್ನು ಚೌಕ, ನಕ್ಷತ್ರ ಮುಂತಾದ ಆಕಾರಕ್ಕೆ ಕತ್ತರಿಸಿ ಕೂಡಿಸುತ್ತಾರೆ, ನಡುವೆ ಹತ್ತಿಯ ಪದರ ಇಡುತ್ತಾರೆ. ನೆರೆಹೊರೆಯ ಹೆಂಗಸರೆಲ್ಲ ಒಂದೇ ಚೌಕಟ್ಟಿನ ಸುತ್ತ ಕುಳಿತು ಹೊಲಿಯುವುದು ಅಲ್ಲಿನ ಹಳೆಯ ಪದ್ಧತಿ. ಅದರಿಂದ ಧರ್ಮಕಾರ್ಯಕ್ಕೆ ಹಣ ಕೂಡಿಸುವ ಪದ್ಧತಿಯೂ ಹಳೆಯದೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನ ಚರ್ಚುಗಳ ಹೆಂಗಸರು ಒಂದು ಉಪಾಯ ಕಂಡುಕೊಂಡಿದ್ದರು. ಚಿಕ್ಕ ಕಾಣಿಕೆ ಕೊಟ್ಟವರ ಹೆಸರನ್ನು ಕ್ವಿಲ್ಟಿನ ಮೇಲೆ ಕಸೂತಿ ಹಾಕುವುದು, ಕೊನೆಗೆ ಕ್ವಿಲ್ಟನ್ನೂ ಹರಾಜು ಹಾಕುವುದು. ಮೊದಲ ಮಹಾಯುದ್ಧದ ಕಾಲದಲ್ಲಿ ರೆಡ್ ಕ್ರಾಸ್ ಸಂಸ್ಥೆಗಾಗಿ ಇಂಥ ಹೆಸರಿನ ಕ್ವಿಲ್ಟುಗಳು ಊರೂರಲ್ಲಿ ತಯಾರಾದವು. ಆ ಬಟ್ಟೆಗಳ ಮೇಲೆ ಇದ್ದದ್ದು ಕೊಟ್ಟವರ ಹೆಸರು. ನಾನು ಹೇಳಹೊರಟಿರುವ ಕೌದಿಯ ಮೇಲೆ ಇರುವುದು ಏನನ್ನೂ ಕೊಡಲಾಗದವರ ಹೆಸರು.

ಗೋಡೆಯ ಮೇಲಿನ ಹೆಸರುಗಳು

1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರದ ವರದಿಯಲ್ಲಿ ಒಂದು ಚಿಕ್ಕ ಟಿಪ್ಪಣಿ ಪ್ರಕಟವಾಯಿತು. ಲಾಸ್ ಏಂಜಲೀಸ್ ನಗರದಲ್ಲಿ ಅದುವರೆಗೆ ಗಟ್ಟಿಮುಟ್ಟಾಗಿದ್ದ ಐವರು ಯುವಕರಿಗೆ ಅಪರೂಪದ ನ್ಯುಮೋನಿಯ ತಗುಲಿದೆ ಎಂಬುದು ಅದರ ಸಾರ. ಏಡ್ಸ್ ರೋಗದ ಮೊದಲ ದಾಖಲೆ ಅದು. ಆರಂಭದ ವರ್ಷಗಳಲ್ಲಿ ಅಲ್ಲಿ ಸತ್ತವರಲ್ಲಿ ಹೆಚ್ಚಿನವರು ಸಲಿಂಗಿ ಗಂಡಸರು. ರೋಗಿಯ ರಕ್ತ ಪಡೆದವರೂ ಇದ್ದರು, ಮಾದಕದ್ರವ್ಯದ ಸೂಜಿ ಹಂಚಿಕೊಂಡವರೂ ಇದ್ದರು, ಹೆಂಗಸರು ಮಕ್ಕಳೂ ಇದ್ದರು. ಆದರೆ ಜನರ ಬಾಯಲ್ಲಿ ಅದು 'ಅಂಥವರ ಕಾಯಿಲೆ' ಎಂದೇ ಹೆಸರಾಯಿತು. ಕಾಯಿಲೆಗೆ ಒಮ್ಮೆ ಅಂಥ ಹೆಸರು ಅಂಟಿಕೊಂಡರೆ ರೋಗಿಯ ಸ್ವಂತ ಹೆಸರು ಅಳಿಸಿಹೋಗುತ್ತದೆ. ಮುಟ್ಟಿದರೆ ಅಂಟುತ್ತದೆಂದು ಹೆದರಿ ಊಟದ ತಟ್ಟೆಯನ್ನು ಬಾಗಿಲಲ್ಲೇ ಇಟ್ಟುಹೋದವರಿದ್ದರು. ಶವಸಂಸ್ಕಾರ ಮಾಡುವ ಅನೇಕ ಸಂಸ್ಥೆಗಳು ದೇಹವನ್ನು ಮುಟ್ಟಲು ಒಪ್ಪಲಿಲ್ಲ. ನಾಚಿಕೆಯಿಂದ ಅಂತ್ಯಕ್ರಿಯೆಯನ್ನೇ ಮಾಡದ ಮನೆತನಗಳಿದ್ದವು. ಹೀಗೆ ಸತ್ತವರಿಗೆ ಸಮಾಧಿಯೂ ಇಲ್ಲ, ಸಮಾಧಿಯ ಮೇಲೆ ಬರೆಯುವ ಹೆಸರೂ ಇಲ್ಲ.

ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಬಿದ್ದ ಪೆಟ್ಟು ದೊಡ್ಡದು. ಅಲ್ಲಿ ಪ್ರತಿ ವರ್ಷ ನವೆಂಬರ್ 27ರಂದು ಮೇಣದಬತ್ತಿಯ ಮೆರವಣಿಗೆ ನಡೆಯುತ್ತಿತ್ತು. 1978ರಲ್ಲಿ ಆ ದಿನ ಗುಂಡಿಗೆ ಬಲಿಯಾದ ಮೇಯರ್ ಜಾರ್ಜ್ ಮೊಸ್ಕೋನಿ ಮತ್ತು ನಗರಸಭೆಯ ಸದಸ್ಯ ಹಾರ್ವಿ ಮಿಲ್ಕ್ ಅವರ ನೆನಪಿಗಾಗಿ ಆ ಮೆರವಣಿಗೆ. 1985ರಲ್ಲಿ ಅದರ ಸಿದ್ಧತೆ ನಡೆಯುತ್ತಿದ್ದಾಗ, ಆ ಒಂದೇ ನಗರದಲ್ಲಿ ಏಡ್ಸ್‌ನಿಂದ ಸತ್ತವರ ಸಂಖ್ಯೆ ಸಾವಿರ ದಾಟಿತೆಂದು ಕ್ಲೀವ್ ಜೋನ್ಸ್ ಎಂಬ ಕಾರ್ಯಕರ್ತನಿಗೆ ತಿಳಿಯಿತು. ಸಾವಿರ ಮಂದಿ ಸತ್ತಿದ್ದಾರೆ, ಆದರೂ ನಗರದಲ್ಲಿ ಅದರ ಒಂದು ಗುರುತೂ ಕಾಣುತ್ತಿಲ್ಲ. ಮೆರವಣಿಗೆಗೆ ಬಂದವರಿಗೆಲ್ಲ ರಟ್ಟಿನ ಹಾಳೆ ಕೊಟ್ಟು, ನೀವು ಕಳೆದುಕೊಂಡವರ ಹೆಸರು ಬರೆಯಿರಿ ಎಂದ. ಮೆರವಣಿಗೆ ಮುಗಿದ ಮೇಲೆ ಏಣಿ ಹಾಕಿ ಆ ಹಾಳೆಗಳನ್ನು ಕೇಂದ್ರ ಸರ್ಕಾರದ ಕಟ್ಟಡವೊಂದರ ಗೋಡೆಗೆ ಅಂಟಿಸಿದರು. ಕೆಳಗೆ ನಿಂತು ನೋಡಿದಾಗ ಬೇರೆ ಬೇರೆ ಅಕ್ಷರದ, ಬೇರೆ ಬೇರೆ ಅಳತೆಯ ಆ ಹಾಳೆಗಳ ಗೋಡೆ ಜೋನ್ಸ್‌ಗೆ ಅಜ್ಜಿಯ ಮನೆಯ ಕ್ವಿಲ್ಟಿನಂತೆ ಕಂಡಿತು. ಇಡೀ ಕಥೆಯ ಬೀಜ ಇಷ್ಟೇ.

ಆ ಮೆರವಣಿಗೆ ನಡೆದು ಒಂದು ತಿಂಗಳೂ ಆಗಿರಲಿಲ್ಲ. 1985ರ ಕ್ರಿಸ್ಮಸ್ ಹಿಂದಿನ ದಿನ, ದೇಶದ ಇನ್ನೊಂದು ತುದಿಯ ನ್ಯೂಯಾರ್ಕಿನಲ್ಲಿ ಮದರ್ ತೆರೇಸಾ ಅವರು ಏಡ್ಸ್ ರೋಗಿಗಳಿಗಾಗಿ ಒಂದು ಮನೆಯನ್ನು ತೆರೆದರು. ಹಳೆಯ ಗುರುಮನೆಯೊಂದನ್ನು ಅದಕ್ಕಾಗಿ ಬಿಟ್ಟುಕೊಡಲಾಗಿತ್ತು. ಇವರಿಗೆ ಅವರ ಪರಿಚಯವಿಲ್ಲ, ಅವರಿಗೆ ಇವರ ಪರಿಚಯವಿಲ್ಲ. ಆದರೂ ಒಂದೇ ಚಳಿಗಾಲದಲ್ಲಿ ಒಂದು ಕಡೆ ಸತ್ತವರ ಹೆಸರು, ಇನ್ನೊಂದು ಕಡೆ ಸಾಯುವವರ ಹಾಸಿಗೆ.

ಆರು ಅಡಿ, ಮೂರು ಅಡಿ

ಜೋನ್ಸ್‌ನ ಯೋಚನೆ ಕೂಡಲೇ ಕೈಗೂಡಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಅದು ಬರೀ ಮಾತಾಗಿಯೇ ಉಳಿಯಿತು. 1987ರ ಆರಂಭದಲ್ಲಿ, ತೀರಿಕೊಂಡ ತನ್ನ ಗೆಳೆಯ ಮಾರ್ವಿನ್ ಫೆಲ್ಡ್‌ಮನ್ ನೆನಪಿಗೆ ಆತ ಮೊದಲ ತುಂಡನ್ನು ಮಾಡಿದ. ಉದ್ದ ಆರು ಅಡಿ, ಅಗಲ ಮೂರು ಅಡಿ. ಈ ಅಳತೆ ಎಲ್ಲಿಂದ ಬಂತೆಂದು ನಮ್ಮ ಸಮಾಧಿ ಅಗೆಯುವವರನ್ನು ಕೇಳಿದರೆ ಹೇಳುತ್ತಾರೆ. ಹೆಚ್ಚು ಕಡಿಮೆ ಒಂದು ಗುಂಡಿಯ ಅಳತೆ ಅದು. ಸಮಾಧಿ ಸಿಗದವರಿಗೆ ಬಟ್ಟೆಯೇ ಸಮಾಧಿಯಾಯಿತು.

ಅದೇ ವರ್ಷದ ಜೂನ್‌ನಲ್ಲಿ ಮೈಕ್ ಸ್ಮಿತ್ ಮೊದಲಾದವರು ಸೇರಿಕೊಂಡು 'ನೇಮ್ಸ್ ಪ್ರಾಜೆಕ್ಟ್', ಅಂದರೆ ಹೆಸರುಗಳ ಯೋಜನೆ, ಎಂಬ ಸಂಸ್ಥೆ ಹುಟ್ಟಿತು. ಸ್ಯಾನ್ ಫ್ರಾನ್ಸಿಸ್ಕೊದ ಮಾರ್ಕೆಟ್ ಸ್ಟ್ರೀಟಿನಲ್ಲಿ ಒಂದು ಅಂಗಡಿ ಹಿಡಿದರು. ಜನ ಹೊಲಿಗೆ ಯಂತ್ರ, ಬಟ್ಟೆ, ದಾರ ತಂದುಕೊಟ್ಟರು. ಸೂಜಿಗೆ ದಾರ ಪೋಣಿಸಲು ಬಾರದವರೂ ಬಂದು ಕುಳಿತು ಕಲಿತರು. ದೇಶದ ನಾನಾ ಕಡೆಗಳಿಂದ ಅಂಚೆಯಲ್ಲಿ ತುಂಡುಗಳು ಬರತೊಡಗಿದವು.

ತುಂಡನ್ನು ಹೇಗೆ ಮಾಡುತ್ತಾರೆಂಬುದನ್ನು ಸ್ವಲ್ಪ ವಿವರಿಸುತ್ತೇನೆ, ನಮ್ಮ ಮನೆಗಳ ತಾಯಂದಿರಿಗೆ ಇದರಲ್ಲಿ ಆಸಕ್ತಿ ಇದ್ದೇ ಇರುತ್ತದೆ. ಎಳೆದರೆ ಹಿಗ್ಗದ, ಸ್ವಲ್ಪ ದಪ್ಪನೆಯ ಹತ್ತಿ ಬಟ್ಟೆ ಒಳ್ಳೆಯದು. ಅಂಚು ಮಡಿಚಲು ನಾಲ್ಕೂ ಕಡೆ ಎರಡು ಮೂರು ಅಂಗುಲ ಬಿಟ್ಟು ಕತ್ತರಿಸಬೇಕು. ಹೆಸರಿನ ಅಕ್ಷರಗಳನ್ನು ಬೇರೆ ಬಣ್ಣದ ಬಟ್ಟೆಯಲ್ಲಿ ಕತ್ತರಿಸಿ ಮೇಲೆ ಹೊಲಿಯಬಹುದು, ಕಸೂತಿ ಹಾಕಬಹುದು, ಬಣ್ಣದಲ್ಲಿ ಬರೆಯಬಹುದು. ಅಂಟಿನಿಂದ ಮಾತ್ರ ಅಂಟಿಸಬಾರದು, ಅದು ಕಾಲಕ್ರಮೇಣ ಬಿಟ್ಟುಕೊಳ್ಳುತ್ತದೆ. ಮಡಿಚಿ ಬಿಚ್ಚಿ ಮಡಿಚಿ ಬಿಚ್ಚಿ ಸಾವಿರ ಮೈಲಿ ಸುತ್ತುವ ಬಟ್ಟೆ ಇದು, ಹೊಲಿಗೆ ಭದ್ರವಾಗಿರಬೇಕು. ಜೊತೆಗೆ ತೀರಿಕೊಂಡವರ ಬಗ್ಗೆ ಒಂದು ಕಾಗದ ಬರೆದು ಕಳಿಸಬೇಕು. ಹೀಗೆ ಬಂದ ಎಂಟು ತುಂಡುಗಳನ್ನು ಸೇರಿಸಿ ಹೊಲಿದರೆ ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಒಂದು ಚೌಕವಾಗುತ್ತದೆ. ಬಡವ, ಶ್ರೀಮಂತ, ಹೆಸರುವಾಸಿ ನಟ, ಅನಾಮಿಕ ಕೂಲಿ, ಎಂಟು ಮಂದಿ ಪಕ್ಕಪಕ್ಕದಲ್ಲಿ. ಯಾರ ಪಕ್ಕ ಯಾರು ಎಂದು ಜೀವಂತ ಇದ್ದಾಗ ಯಾರೂ ಊಹಿಸಿರಲಾರರು.

ಬಟ್ಟೆಯ ಜೊತೆಗೆ ಅಲ್ಲಿ ಏನೇನು ಹೊಲಿದಿದ್ದಾರೆ ಎಂಬ ಪಟ್ಟಿಯನ್ನು ಓದುತ್ತಾ ಹೋದರೆ ಕಣ್ಣು ತುಂಬಿ ಬರುತ್ತದೆ. ಜೀನ್ಸ್ ಪ್ಯಾಂಟು, ಟೆನಿಸ್ ಬೂಟು, ಕಾರಿನ ಬೀಗದಕೈ, ಮದುವೆಯ ಉಂಗುರ, ಪ್ರೇಮಪತ್ರ, ಓಟದಲ್ಲಿ ಗೆದ್ದ ಪಟ್ಟಿ, ಮಕ್ಕಳ ಗೊಂಬೆ, ತಲೆಗೂದಲು, ಕೆಲವು ಕಡೆ ಚಿತಾಭಸ್ಮ ಕೂಡ. ಸತ್ತವರ ಬಟ್ಟೆಬರೆಯನ್ನು ಏನು ಮಾಡಬೇಕೆಂದು ತೋಚದೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಅನುಭವ ನಮ್ಮಲ್ಲಿ ಎಷ್ಟು ಮಂದಿಗಿಲ್ಲ! ಯೊಪ್ಪ ಪಟ್ಟಣದಲ್ಲಿ ತಬಿಥ ತೀರಿಕೊಂಡಾಗ, ಆಕೆ ಹೊಲಿದುಕೊಟ್ಟಿದ್ದ ಅಂಗಿಗಳನ್ನು ವಿಧವೆಯರು ಪೇತ್ರನ ಮುಂದೆ ಹಿಡಿದು ಅತ್ತ ಸಂಗತಿ ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬರುತ್ತದೆ. ಬಟ್ಟೆ ಹಿಡಿದು ಅಳುವುದು ಮನುಷ್ಯನಿಗೆ ಹೊಸದೇನಲ್ಲ.

ಒಂದು ತುಂಡಿನ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಅದರ ಮೇಲೆ ಹೆಸರೇ ಇಲ್ಲ. ಇದು ನನ್ನ ಅಣ್ಣತಮ್ಮನಿಗಾಗಿ ಮಾಡಿದ್ದು, ಹೆಸರನ್ನು ಬಹಿರಂಗಪಡಿಸುವುದು ನಮ್ಮ ತಂದೆತಾಯಿಗೆ ಇಷ್ಟವಿಲ್ಲ, ಹೆಸರಿಲ್ಲದಿರುವುದೇ ಇಂಥ ಮನೆಗಳ ಭಯಕ್ಕೆ ಸಾಕ್ಷಿ ಎಂಬ ಅರ್ಥದ ಮಾತನ್ನು ಒಡಹುಟ್ಟಿದವರು ಅದರ ಮೇಲೆ ಬರೆದಿದ್ದಾರೆ. ಮೊದಲ ಸಲ ಇದನ್ನು ಓದಿದಾಗ, ನನ್ನ ಮೇಜಿನ ಮುಂದೆ ನಿಂತು 'ಇನ್ನೊಂದು ಆತ್ಮ' ಎಂದ ಆ ತಾಯಿಯ ಮುಖ ಕಣ್ಣ ಮುಂದೆ ಬಂತು. ಆ ಮಾತಿನಲ್ಲಿ ಎಷ್ಟು ಭಾರವಿತ್ತೆಂದು ಆಗ ನನಗೆ ತಿಳಿದಿರಲಿಲ್ಲ. ಬರೆದುಕೊಂಡು ಮುಂದಿನವರನ್ನು ಕರೆದಿದ್ದೆ.

ಸೂರ್ಯೋದಯದ ಹೊತ್ತು

1987ನೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊದ ಕಥೋಲಿಕರಿಗೂ ಮರೆಯಲಾಗದ ವರ್ಷ. ರೋಗ ಹೆಚ್ಚಾಗಿದ್ದ ಕಾಸ್ಟ್ರೊ ಬಡಾವಣೆಯಲ್ಲೇ ಅತಿ ಪವಿತ್ರ ವಿಮೋಚಕರ ಹೆಸರಿನ ಧರ್ಮಕೇಂದ್ರವಿದೆ. ಅಲ್ಲಿ ಖಾಲಿ ಬಿದ್ದಿದ್ದ ಕನ್ಯಾಸ್ತ್ರೀಯರ ಮಠವನ್ನು ಆ ವರ್ಷ ಏಡ್ಸ್ ರೋಗಿಗಳು ಕೊನೆಯ ದಿನಗಳನ್ನು ನೆಮ್ಮದಿಯಿಂದ ಕಳೆಯುವ 15 ಹಾಸಿಗೆಗಳ ಆರೈಕೆ ಮನೆಯಾಗಿ ಮಾಡಲಾಯಿತು. ಸೆಪ್ಟೆಂಬರ್ 17ರಂದು ಜಗದ್ಗುರು ದ್ವಿತೀಯ ಜಾನ್ ಪಾಲ್ ಅವರು ಆ ನಗರದ ಮಿಷನ್ ಡೊಲೊರೆಸ್ ಮಹಾದೇವಾಲಯಕ್ಕೆ ಬಂದು ಏಡ್ಸ್ ರೋಗಿಗಳನ್ನು ಭೇಟಿಯಾದರು. ರಕ್ತದ ಮೂಲಕ ರೋಗ ತಗುಲಿದ್ದ ನಾಲ್ಕು ವರ್ಷದ ಒಂದು ಮಗುವನ್ನು ಅಪ್ಪಿಕೊಂಡರು. ಆ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಅದೇ ದಿನ ಹೊರಗೆ ಸಭೆಯ ನಿಲುವನ್ನು ವಿರೋಧಿಸಿ ಪ್ರತಿಭಟನೆಯೂ ನಡೆದಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಸಭೆಯವರ ಮಾತಿನಿಂದ ನೊಂದವರು ಆ ನಗರದಲ್ಲಿ ಬಹಳ ಮಂದಿ ಇದ್ದರು. ಅದೇ ಸಭೆಯವರ ಕೈಯಿಂದ ಗಂಜಿ ಕುಡಿದು ಕಣ್ಣು ಮುಚ್ಚಿದವರೂ ಇದ್ದರು. ಎರಡೂ ನಿಜ.

ಜಗದ್ಗುರುಗಳ ಭೇಟಿಯಾಗಿ ನಾಲ್ಕು ವಾರ ಕಳೆಯುವುದರೊಳಗೆ, 1987ರ ಅಕ್ಟೋಬರ್ 11ರ ಭಾನುವಾರ, ಕೌದಿಯನ್ನು ರಾಜಧಾನಿ ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್ ಎಂಬ ವಿಶಾಲ ಹುಲ್ಲುಬಯಲಿನಲ್ಲಿ ಮೊದಲ ಬಾರಿಗೆ ಹಾಸಿದರು. ಇದಕ್ಕೆ ಅನುಮತಿ ಸಿಗುವುದು ಸುಲಭವಾಗಿರಲಿಲ್ಲ. ಬಟ್ಟೆ ಹಾಸಿದರೆ ಹುಲ್ಲು ಸಾಯುತ್ತದೆಂದು ಅಧಿಕಾರಿಗಳು ತಕರಾರು ತೆಗೆದರು. ಆ ವರ್ಷವಷ್ಟೇ ಸ್ಯಾನ್ ಫ್ರಾನ್ಸಿಸ್ಕೊದಿಂದ ಸಂಸತ್ತಿಗೆ ಆಯ್ಕೆಯಾಗಿದ್ದ ನ್ಯಾನ್ಸಿ ಪೆಲೋಸಿ, ಆಗಾಗ ಬಟ್ಟೆಯನ್ನು ಎತ್ತಿ ಹುಲ್ಲಿಗೆ ಗಾಳಿಯಾಡಿಸುತ್ತೇವೆ ಎಂದು ಮಾತು ಕೊಟ್ಟು ಅನುಮತಿ ಕೊಡಿಸಿದ್ದನ್ನು ಮುಂದೆ ಅನೇಕ ಬಾರಿ ನೆನೆಸಿಕೊಂಡಿದ್ದಾರೆ. ಇಷ್ಟು ಜನ ಸಾಯುತ್ತಿರುವಾಗ ಹುಲ್ಲಿನ ಚಿಂತೆ! ಆದರೆ ದೊಡ್ಡ ಕೆಲಸಗಳೆಲ್ಲ ಇಂಥ ಚಿಕ್ಕ ತಕರಾರುಗಳನ್ನು ದಾಟಿಯೇ ಆಗಬೇಕು. ನಮ್ಮ ಹಬ್ಬದ ಪೆಂಡಾಲಿಗೆ ಅನುಮತಿ ತಂದವರಿಗೆ ಇದು ಚೆನ್ನಾಗಿ ಗೊತ್ತು.

ಬಿಚ್ಚುವ ಕ್ರಮವನ್ನು ಆಗಲೇ ಗೊತ್ತು ಮಾಡಿದ್ದರು. ಚೌಕಗಳ ನಡುವೆ ನಡೆಯಲು ಬಿಳಿ ಬಟ್ಟೆಯ ಹಾದಿ. ಬಿಳಿ ಉಡುಪಿನ ಸ್ವಯಂಸೇವಕರು ಮಡಿಚಿಟ್ಟ ಗಂಟಿನ ಸುತ್ತ ನಿಲ್ಲುತ್ತಾರೆ. ಒಬ್ಬರಾದ ಮೇಲೊಬ್ಬರು ಬಾಗಿ ಒಂದೊಂದು ಮೂಲೆಯನ್ನು ಹೊರಕ್ಕೆ ಎಳೆಯುತ್ತಾರೆ. ಒಳಗಿನ ಪದರ, ಅದರೊಳಗಿನ ಪದರ ಎಂದು ಹೂವು ಅರಳಿದಂತೆ ಅದು ತೆರೆದುಕೊಳ್ಳುತ್ತದೆ. ಈ ಮಡಿಕೆಗೆ ಅವರು ಇಟ್ಟ ಹೆಸರೇ ಕಮಲದ ಮಡಿಕೆ. ಪೂರ್ತಿ ತೆರೆದ ಮೇಲೆ ಎಲ್ಲರೂ ಕೂಡಿ ಎತ್ತಿ, ತಿರುಗಿಸಿ, ಸ್ವಸ್ಥಾನದಲ್ಲಿ ಇಳಿಸುತ್ತಾರೆ. ಯಾರೂ ಮಾತಾಡುವುದಿಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ಹೀಗೆ ಬಿಚ್ಚುವುದು ಆರಂಭವಾಯಿತು, ಮೈಕಿನ ಮುಂದೆ ಹೆಸರುಗಳ ಓದು ಆರಂಭವಾಯಿತು. ಆ ದಿನ ಹಾಸಿದ್ದು 1,920 ತುಂಡುಗಳು, ಒಂದು ಫುಟ್‌ಬಾಲ್ ಮೈದಾನಕ್ಕಿಂತ ದೊಡ್ಡ ಹಾಸು. ಆ ವಾರಾಂತ್ಯ ಐದು ಲಕ್ಷ ಜನ ಬಂದು ನೋಡಿದರು.

ಹೆಸರುಗಳ ಓದಿಗೆ ಯಾವ ಅಲಂಕಾರವೂ ಇರಲಿಲ್ಲ. ಒಬ್ಬರು ಬಂದು ಕೆಲವು ಹೆಸರು ಓದಿ ಇಳಿಯುತ್ತಾರೆ, ಇನ್ನೊಬ್ಬರು ಬರುತ್ತಾರೆ. ತಾಯಂದಿರು, ಗೆಳೆಯರು, ಅಧಿಕಾರಿಗಳು. ಪಟ್ಟಿಯ ಕೊನೆಗೆ ತಮ್ಮ ಮನೆಯ ಹೆಸರನ್ನು ಸೇರಿಸಿ ಓದುವಾಗ ದನಿ ಒಡೆಯುತ್ತದೆ. ನವೆಂಬರ್‌ನ ನಮ್ಮ ಪಟ್ಟಿಯನ್ನು ಕೇಳಿ ಬೆಳೆದವರಿಗೆ ಇದು ಪರಕೀಯವೆನಿಸುವುದಿಲ್ಲ.

ಮಾರಾಟಕ್ಕಿಲ್ಲದ ಬಟ್ಟೆ

ಇನ್ನು ಹಣದ ವಿಚಾರ. ನಮ್ಮಲ್ಲಿ ಧರ್ಮಕಾರ್ಯಕ್ಕೆ ಪ್ರದರ್ಶನ ಎಂದರೆ ಸಾಮಾನ್ಯವಾಗಿ ಮಾರಾಟ ಎಂದೇ ಅರ್ಥ. ಮಹಿಳಾ ಸಂಘದವರು ಮೇಜುಹಾಸು, ದಿಂಬಿನ ಚೀಲ, ಕ್ರೋಶಾ ಕೆಲಸಗಳನ್ನು ಸಾಲಾಗಿ ಇಡುತ್ತಾರೆ. ಕೊಂಡವರಿಗೆ ವಸ್ತು, ಬಡಮಕ್ಕಳ ಶಾಲೆಯ ಶುಲ್ಕಕ್ಕೆ ಹಣ. ಇದು ಒಳ್ಳೆಯ ಪದ್ಧತಿಯೇ. ಆದರೆ ಈ ಕೌದಿಯ ಒಂದು ತುಂಡೂ ಮಾರಾಟಕ್ಕಿರಲಿಲ್ಲ. ನೋಡಿದವರು ಬರಿಗೈಯಲ್ಲಿ ಮನೆಗೆ ಹೋದರು. ಆದರೂ ಹಣ ಬಂತು.

1988ರ ವಸಂತಕಾಲದಲ್ಲಿ ಕೌದಿಯನ್ನು ಹೇರಿಕೊಂಡು ಏಳು ಜನರ ಒಂದು ತಂಡ ದೇಶ ಸುತ್ತಲು ಹೊರಟಿತು. ನಾಲ್ಕು ತಿಂಗಳು, 20 ನಗರಗಳು. ಊರೂರಲ್ಲಿ ಜಾಗ ಗೊತ್ತುಮಾಡಿ, ಹಾಸಿ, ಕಾದು, ಮತ್ತೆ ಮಡಿಚಿ ಕೊಟ್ಟವರು ಆಯಾ ಊರಿನವರೇ. ಒಟ್ಟು 9,000ಕ್ಕೂ ಹೆಚ್ಚು ಸ್ವಯಂಸೇವಕರು. ಕೂಡಿದ ಕಾಣಿಕೆ ಹತ್ತಿರ ಹತ್ತಿರ ಐದು ಲಕ್ಷ ಡಾಲರ್. ಅದು ರೋಗಿಗಳ ಸೇವೆಯಲ್ಲಿದ್ದ ನೂರಾರು ಸಂಸ್ಥೆಗಳಿಗೆ ಹಂಚಿಕೆಯಾಯಿತು. ರೋಗಿಗಳ ಮನೆಗೆ ಊಟ ಮುಟ್ಟಿಸುವವರು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು, ಕೆಲಸ ಕಳೆದುಕೊಂಡವರ ಬಾಡಿಗೆ ಕಟ್ಟುವವರು, ಇಂಥ ಚಿಕ್ಕ ಚಿಕ್ಕ ಸಂಸ್ಥೆಗಳೇ ಆಗ ರೋಗಿಗಳಿಗೆ ಆಸರೆ. ಮುಂದಿನ ವರ್ಷಗಳಲ್ಲಿ ಕೌದಿಯಿಂದ ಕೂಡಿದ ಹಣ ಒಟ್ಟು 30 ಲಕ್ಷ ಡಾಲರನ್ನೂ ದಾಟಿತು.

ಹಣಕ್ಕಿಂತ ನನಗೆ ಮುಖ್ಯವೆನಿಸುವುದು ಇನ್ನೊಂದು ಲೆಕ್ಕ. ಕೌದಿ ಹೋದ ಪ್ರತಿ ಊರಿನಲ್ಲೂ ಜನ ಹೊಸ ತುಂಡುಗಳನ್ನು ತಂದುಕೊಟ್ಟರು. ಹೊರಟಾಗ ಇದ್ದದ್ದು ಎರಡು ಸಾವಿರದಷ್ಟು, ಪ್ರವಾಸ ಮುಗಿದಾಗ 6,000ಕ್ಕೂ ಹೆಚ್ಚು. ಅಂದರೆ ಆ ಊರುಗಳಲ್ಲಿ ನಮ್ಮಲ್ಲಿ ಅಂಥವರಾರೂ ಇಲ್ಲ ಎಂದುಕೊಂಡಿದ್ದ ಮನೆಗಳಲ್ಲಿ ಸಾವು ಆಗಿತ್ತು, ಹೇಳಿಕೊಳ್ಳಲು ಜಾಗ ಇರಲಿಲ್ಲ. ಪಕ್ಕದ ಮನೆಯವರ ಹೆಸರು ಹಾಸಿನ ಮೇಲೆ ಕಂಡಾಗ ತಮ್ಮ ಮನೆಯ ಹೆಸರನ್ನೂ ಹೊರಗೆ ತೆಗೆದರು. ನನ್ನ ಅಭಿಪ್ರಾಯದಲ್ಲಿ ಹಣ ಬಂದದ್ದೂ ಇದೇ ಕಾರಣಕ್ಕೆ. ಇಷ್ಟು ಸಾವಿರ ಮಂದಿ ಸತ್ತರು ಎಂದು ಪತ್ರಿಕೆ ಬರೆದರೆ ಕೈ ಜೇಬಿಗೆ ಹೋಗುವುದಿಲ್ಲ. ನಮ್ಮ ಕಾಲಬುಡದಲ್ಲಿ ಆರಡಿ ಬಟ್ಟೆ, ಅದರ ಮೇಲೆ ಒಂದು ಹೆಸರು, ಹೆಸರಿನ ಪಕ್ಕ ತೇಯ್ದ ಜೊತೆ ಬೂಟು ಕಂಡರೆ ಮನುಷ್ಯ ನಿಂತುಬಿಡುತ್ತಾನೆ.

1988ರ ಅಕ್ಟೋಬರ್‌ನಲ್ಲಿ ಅಧ್ಯಕ್ಷರ ಶ್ವೇತಭವನದ ಮುಂದಿನ ಬಯಲಿನಲ್ಲಿ 8,288 ತುಂಡುಗಳನ್ನು ಹಾಸಿದರು. 1989ರಲ್ಲಿ ಕೌದಿಯ ಯೋಜನೆಯನ್ನು ನೊಬೆಲ್ ಶಾಂತಿ ಪುರಸ್ಕಾರಕ್ಕೆ ಸೂಚಿಸಲಾಯಿತು. 1996ರ ಅಕ್ಟೋಬರ್‌ನಲ್ಲಿ ಸುಮಾರು 40,000 ತುಂಡುಗಳು ಇಡೀ ನ್ಯಾಷನಲ್ ಮಾಲನ್ನು ತುಂಬಿದವು. ಅಧ್ಯಕ್ಷ ಕ್ಲಿಂಟನ್ ಬಂದು ನೋಡಿದರು. ಅದುವರೆಗೆ ಯಾವ ಅಧ್ಯಕ್ಷರೂ ಬಂದಿರಲಿಲ್ಲ. ಅದೇ ವರ್ಷದಿಂದ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಳಕೆಗೆ ಬಂದು ಅಮೆರಿಕದಲ್ಲಿ ಸಾವು ಇಳಿಮುಖವಾಯಿತು. ಆ ಔಷಧಿ ನಮ್ಮ ದೇಶದ ಬಡವರ ಕೈಗೆ ಸರ್ಕಾರದಿಂದ ಉಚಿತವಾಗಿ ಸಿಗತೊಡಗಿದ್ದು 2004ರ ಏಪ್ರಿಲ್ 1ರಿಂದ. ನಡುವಿನ ಆ ಎಂಟು ವರ್ಷಗಳಲ್ಲಿ ನಮ್ಮಲ್ಲಿ ಸತ್ತವರಿಗೆ ಯಾರಾದರೂ ಕೌದಿ ಹೊಲಿದದ್ದನ್ನು ನಾನು ಕೇಳಿಲ್ಲ.

ಕೌದಿಯನ್ನು ಟೀಕಿಸಿದವರೂ ಇದ್ದಾರೆ. ರೋಗಿಗಳ ಹಕ್ಕಿಗಾಗಿ 1987ರಲ್ಲೇ ಹುಟ್ಟಿದ 'ಆಕ್ಟ್ ಅಪ್' ಎಂಬ ಹೋರಾಟದ ಗುಂಪಿನ ಕೆಲವರಿಗೆ ಇದು ಅತ್ತು ಹಗುರಾಗಿ ಮನೆಗೆ ಹೋಗುವ ದಾರಿಯಂತೆ ಕಂಡಿತು. ಔಷಧಿಗೆ, ಸಂಶೋಧನೆಗೆ ಹಣ ಕೊಡಬೇಕಾದ ಸರ್ಕಾರವನ್ನು ಬಟ್ಟೆ ನಾಚಿಸಲಾರದು ಎಂಬುದು ಅವರ ವಾದ. 1992ರ ಅಕ್ಟೋಬರ್ 11ರಂದು ಇತ್ತ ಕೌದಿಯನ್ನು ಹಾಸಿದ್ದಾಗಲೇ ಅತ್ತ ಅವರು ತಮ್ಮವರ ಚಿತಾಭಸ್ಮವನ್ನು ಶ್ವೇತಭವನದ ಬೇಲಿಯಾಚೆ ಎರಚಿದರು. ಕೋಪಕ್ಕೂ ಅದರದೇ ನ್ಯಾಯವಿದೆ, ಪ್ರವಾದಿಗಳನ್ನು ಓದುವ ನಾವು ಅದನ್ನು ಅಲ್ಲಗಳೆಯಲಾರೆವು. ಆದರೆ ಕೋಪ ಬರಬೇಕಾದರೂ ಯಾರಿಗಾಗಿ ಎಂಬುದು ಗೊತ್ತಿರಬೇಕಲ್ಲವೇ? ಇನ್ನೊಂದು ಕೊರತೆಯನ್ನು ಕೌದಿಯವರೇ ಒಪ್ಪಿಕೊಂಡರು. ರೋಗದಿಂದ ಅತಿ ಹೆಚ್ಚು ನರಳಿದ ಕಪ್ಪು ಜನರ ಹೆಸರುಗಳು ಹಾಸಿನ ಮೇಲೆ ಬಹಳ ಕಡಿಮೆ ಇದ್ದವು. ಹೊಲಿಯಲು ಪುರುಸೊತ್ತು, ಬಟ್ಟೆ, ಧೈರ್ಯ ಮೂರೂ ಬೇಕು, ಅವು ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ. ಅದಕ್ಕಾಗಿ 'ನನ್ನ ಹೆಸರು ಕರೆ' ಎಂಬ ಅರ್ಥದ ಕಾರ್ಯಕ್ರಮವನ್ನು ಆರಂಭಿಸಿ, ಅವರಿದ್ದ ಕಡೆಗೇ ಹೋಗಿ ಕೂತು ಹೊಲಿಸಿದರು.

ಈಗ ಕೌದಿಯಲ್ಲಿ ಸುಮಾರು 50,000 ತುಂಡುಗಳಿವೆ. ಒಂದೇ ತುಂಡಿನ ಮೇಲೆ ಹಲವರ ಹೆಸರು ಇರುವುದರಿಂದ ಹೆಸರುಗಳ ಸಂಖ್ಯೆ 1,10,000 ದಾಟಿದೆ. ತೂಕ 54 ಟನ್. ಒಂದೇ ಕಡೆ ಪೂರ್ತಿ ಹಾಸುವುದು ಕಷ್ಟವಾದ್ದರಿಂದ ಭಾಗಭಾಗವಾಗಿ ಊರೂರಿಗೆ ಕಳಿಸುತ್ತಾರೆ. 2022ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಉದ್ಯಾನದಲ್ಲಿ ಹತ್ತಿರ ಹತ್ತಿರ 3,000 ತುಂಡುಗಳನ್ನು ಹಾಸಿದ್ದರು. ತುಂಡುಗಳ ಜೊತೆ ಬಂದ ಸಾವಿರಾರು ಕಾಗದ, ಚಿತ್ರಗಳನ್ನು ಅಮೆರಿಕದ ಸಂಸತ್ ಗ್ರಂಥಾಲಯಕ್ಕೆ ಒಪ್ಪಿಸಲಾಗಿದೆ. ಕೌದಿ ಇನ್ನೂ ಮುಗಿದಿಲ್ಲ, ಹೊಸ ತುಂಡುಗಳು ಈಗಲೂ ಬರುತ್ತಿವೆ.

ಇಷ್ಟು ಬಟ್ಟೆಯನ್ನು ಕಾಪಾಡುವುದೇ ಒಂದು ದೊಡ್ಡ ಸೇವೆ. ಬಣ್ಣ ಮಾಸುತ್ತದೆ, ಹೊಲಿಗೆ ಬಿಡುತ್ತದೆ, ಮಿಂಚಿನ ಚೂರು ಉದುರುತ್ತದೆ. ಗರ್ಟ್ ಮೆಕ್‌ಮುಲಿನ್ ಎಂಬ ಮಹಿಳೆ 1987ರಲ್ಲಿ ತೀರಿಕೊಂಡ ಗೆಳೆಯರಿಗಾಗಿ ತುಂಡು ಹೊಲಿಯಲೆಂದು ಆ ಮಾರ್ಕೆಟ್ ಸ್ಟ್ರೀಟಿನ ಅಂಗಡಿಗೆ ಬಂದವರು, ಆಮೇಲೆ ಹೋಗಲೇ ಇಲ್ಲ. ಬಂದ ತುಂಡುಗಳನ್ನು ಚೌಕಕ್ಕೆ ಸೇರಿಸುವುದು, ಹರಿದದ್ದಕ್ಕೆ ತೇಪೆ ಹಾಕುವುದು ದಶಕಗಟ್ಟಲೆ ಅವರ ಕೈಯಿಂದಲೇ ನಡೆಯಿತು. 2001ರಲ್ಲಿ ಕೌದಿಯ ಸಂಸ್ಥೆ ಅಟ್ಲಾಂಟ ನಗರಕ್ಕೆ ಹೋದಾಗ ಕೌದಿಯ ಹಿಂದೆ ಅವರೂ ಹೋದರು. 2020ರಲ್ಲಿ ಕೌದಿ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಮರಳಿ ಬಂದಾಗ ಅವರೂ ಮರಳಿದರು. ಬಂದ ಕೆಲವೇ ವಾರಗಳಲ್ಲಿ ಕೊರೊನಾ ಬಂತು, ಊರಿಗೆ ಊರೇ ಬಾಗಿಲು ಹಾಕಿತು. ಅಂಗಡಿಗಳಲ್ಲಿ ಮಾಸ್ಕ್ ಸಿಗುತ್ತಿರಲಿಲ್ಲ. ಆಕೆ ಹೊಲಿಗೆ ಯಂತ್ರದ ಮುಂದೆ ಕುಳಿತು, ಕೌದಿಗೆಂದು ಬಂದು ಮಿಕ್ಕಿದ್ದ ಬಟ್ಟೆಯನ್ನು ಕತ್ತರಿಸಿ ನೂರಾರು ಮಾಸ್ಕ್ ಹೊಲಿದರು. ಅವನ್ನು ಓಕ್‌ಲ್ಯಾಂಡಿನಲ್ಲಿ ಮನೆಯಿಲ್ಲದವರ ನಡುವೆ ಸೇವೆ ಮಾಡುತ್ತಿದ್ದವರಿಗೆ ಕೊಟ್ಟು ಕಳಿಸಿದರು.